‘ಖಚಿತ ಬಾತ್ಮಿ’ಯ ಹಿಂದೆ: ಗುಪ್ತಚರ ಕೆಲಸ ನಮಗೆಷ್ಟು ಗೊತ್ತು?

ಕಲಬುರಗಿ, ಯಾದಗಿರಿ ಪೊಲೀಸರ ಪ್ರಕಟಣೆಗಳನ್ನು ಓದುವ ರೂಢಿಯಿದ್ದವರಿಗೆ ‘ಖಚಿತ ಬಾತ್ಮಿ ಮೇರೆಗೆ’ ಎಂಬ ಮಾತು ಬಾಯಿಪಾಠ. ಮಟಕಾ ಚೀಟಿ ಬರೆಯುತ್ತಿದ್ದವನನ್ನು ಹಿಡಿದರೂ ಅದೇ, ಭೀಮಾ ನದಿಯ ಅಕ್ರಮ ಮರಳಿನ ಟಿಪ್ಪರ್ ತಡೆದರೂ ಅದೇ, ತೆಲಂಗಾಣದ ಕಡೆಯಿಂದ ಬಂದ ಗಾಂಜಾ ವಾಹನವನ್ನು ಬೀದರ ಗಡಿಯಲ್ಲಿ ನಿಲ್ಲಿಸಿದರೂ ಅದೇ. ಬಾತ್ಮಿ ಕೊಟ್ಟವರು ಯಾರೆಂದು ಎಫ್‌ಐಆರ್‌ನಲ್ಲಿ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ. ಅಪರಾಧದ ಸುಳಿವು ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಬಲವಂತ ಮಾಡುವಂತಿಲ್ಲ ಎಂದು ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯ 125ನೇ ಕಲಂ ಹೇಳುತ್ತಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಂ ಅದನ್ನೇ ಮುಂದುವರಿಸಿದೆ. ಈ ರಕ್ಷಣೆ ಇಲ್ಲದಿದ್ದರೆ ಹಳ್ಳಿಯಲ್ಲಿ ಬಾಯಿ ಬಿಡುವ ಧೈರ್ಯ ಯಾರಿಗೂ ಬಾರದು.

ಗುಪ್ತಚರ ಕೆಲಸದಲ್ಲಿ ಜನಸಾಮಾನ್ಯರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಈ ಒಂದು ಸಾಲು. ಉಳಿದ ತಿಳಿವಳಿಕೆ ಸಿನಿಮಾದಿಂದ ಬಂದದ್ದು, ಇಲ್ಲವೇ ಎಲ್ಲೋ ಬಾಂಬ್ ಸಿಡಿದ ರಾತ್ರಿ ಟಿ.ವಿ. ಚರ್ಚೆಯಲ್ಲಿ ‘ಗುಪ್ತಚರ ವೈಫಲ್ಯ’ ಎಂದು ಕೂಗಿದವರಿಂದ ಬಂದದ್ದು. ಬಾತ್ಮಿದಾರನ ಹೆಸರು ಗುಟ್ಟಾಗಿರಬೇಕು, ಕಾರ್ಯಾಚರಣೆಯ ವಿವರ ಗುಟ್ಟಾಗಿರಬೇಕು. ಆದರೆ ಯಾವ ಸಂಸ್ಥೆಗೆ ಯಾವ ಅಧಿಕಾರವಿದೆ, ಅದನ್ನು ಕೊಟ್ಟ ಕಾನೂನು ಯಾವುದು, ಅತಿರೇಕವಾದರೆ ಯಾರ ಬಾಗಿಲು ಬಡಿಯಬೇಕು ಎಂಬುದೂ ಗುಟ್ಟಾಗಿ ಉಳಿದರೆ ಅದರ ಬೆಲೆ ತೆರುವವರು ಜನ. ಮೂರು ರಾಜ್ಯಗಳ ಗಡಿ ಕೂಡುವ ನಮ್ಮ ಭಾಗದಲ್ಲಿ ಆ ಬೆಲೆಯನ್ನು ಹಲವು ಸಲ ತೆತ್ತಿದ್ದೇವೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆ ಸಾದಾ ಉಡುಪಿನಲ್ಲಿ ಬಂದು ಪ್ರಶ್ನೆ ಕೇಳುವವರೆಲ್ಲ ‘ಸಿಐಡಿಯವರು’. ಪಿಎಸ್‌ಐ ನೇಮಕಾತಿ ಹಗರಣದಲ್ಲಿ 2022ರಲ್ಲಿ ಸಿಐಡಿ ಅಧಿಕಾರಿಗಳು ಕಲಬುರಗಿಯಲ್ಲಿ ಬೀಡುಬಿಟ್ಟಾಗ, ಅವರು ಮೊದಲಿನಿಂದಲೂ ಎಲ್ಲವನ್ನೂ ಗಮನಿಸುತ್ತಿದ್ದರೆಂದು ನಂಬಿದವರು ಬಹಳ ಮಂದಿ. ಸಿಐಡಿ ತನಿಖಾ ಸಂಸ್ಥೆ. ಅಪರಾಧ ನಡೆದ ಮೇಲೆ ಬರುತ್ತದೆ, ಸಾಕ್ಷ್ಯ ಕೂಡಿಸುತ್ತದೆ, ದೋಷಾರೋಪ ಪಟ್ಟಿ ಸಲ್ಲಿಸುತ್ತದೆ. ಅದರ ಒಂದೊಂದು ಕಾಗದವನ್ನೂ ವಕೀಲರು ಪಾಟೀಸವಾಲಿನಲ್ಲಿ ಹಿಂಜಬಹುದು. ಸಿಬಿಐ, 2008ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಕೂಡ ಈ ಜಾತಿಯವೇ. ಗುಪ್ತಚರ ಸಂಸ್ಥೆಯ ನೋಟ ಮುಂದಿನದರ ಕಡೆಗೆ. ಏನಾಗಬಹುದು, ಯಾರು ಮಾಡಬಹುದು, ಯಾವಾಗ ಎಂದು ಅಂದಾಜಿಸಿ ಮೇಲಿನವರ ಮೇಜಿಗೆ ವರದಿ ಮುಟ್ಟಿಸುವಲ್ಲಿಗೆ ಅದರ ಕೆಲಸ ಮುಗಿಯಿತು. ಬಂಧಿಸುವ ಅಧಿಕಾರ ಇಂಟೆಲಿಜೆನ್ಸ್ ಬ್ಯೂರೊಗೆ, ಅಂದರೆ ಐಬಿಗೆ, ಇಲ್ಲ. 1968ರ ಸೆಪ್ಟೆಂಬರಿನಲ್ಲಿ ಆರ್.ಎನ್. ಕಾವ್ ನೇತೃತ್ವದಲ್ಲಿ ಐಬಿಯಿಂದ ಬೇರ್ಪಟ್ಟು ಹುಟ್ಟಿದ ‘ರಾ’ ವಿದೇಶಿ ವಿದ್ಯಮಾನಗಳಿಗೆ ಮೀಸಲು. ರಾಜ್ಯದಲ್ಲಿ ಪೊಲೀಸ್ ಇಲಾಖೆಯದೇ ಗುಪ್ತವಾರ್ತೆ ವಿಭಾಗವಿದೆ. ಅದಲ್ಲದೆ ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ಕಚೇರಿಗೆ ಅಂಟಿಕೊಂಡ ಡಿಎಸ್‌ಬಿ, ಅಂದರೆ ಜಿಲ್ಲಾ ವಿಶೇಷ ಶಾಖೆ. ಪಾಸ್‌ಪೋರ್ಟ್ ಪರಿಶೀಲನೆಯ ಸಲುವಾಗಿ ಈ ಹೆಸರು ಕೇಳಿದವರು ಬಹಳ. ಅದರ ಉಳಿದ ಕೆಲಸ ತಿಳಿದವರು ಕಡಿಮೆ.

ಆ ಉಳಿದ ಕೆಲಸ ಏನು? ಖ್ವಾಜಾ ಬಂದೇನವಾಜರ ಉರುಸಿಗೆ, ಶರಣಬಸವೇಶ್ವರ ಜಾತ್ರೆಗೆ ಎಷ್ಟು ಜನ ಬರಬಹುದು, ಯಾವ ಓಣಿಯಲ್ಲಿ ಹಳೆಯ ಜಗಳ ಹೊಗೆಯಾಡುತ್ತಿದೆ, ತೊಗರಿ ಬೆಲೆ ಕುಸಿದಿದ್ದಕ್ಕೆ ರೈತ ಸಂಘಟನೆಗಳು ರಸ್ತೆ ತಡೆಗೆ ಇಳಿಯುತ್ತವೆಯೋ, ಯಾವ ಪುತ್ಥಳಿಯ ವಿಷಯದಲ್ಲಿ ಮಾತು ಬೆಳೆಯುತ್ತಿದೆ ಎಂದು ನಿತ್ಯ ಬರೆದು ಕಳಿಸುವುದು. ರೋಚಕತೆ ಒಂದಿಷ್ಟೂ ಇಲ್ಲದ, ಕಾಗದದ ಕೆಲಸ. ಆದರೆ ಒಂದು ಊರಿನ ಶಾಂತಿ ನಿಂತಿರುವುದು ಇದರ ಮೇಲೆಯೇ. ಆಳಂದದ ಲಾಡ್ಲೆ ಮಶಾಕ್ ದರ್ಗಾ ಆವರಣದಲ್ಲಿ 2022ರ ಮಾರ್ಚ್‌ನಲ್ಲಿ ಶಿವರಾತ್ರಿ ವೇಳೆ ಕಲ್ಲು ತೂರಾಟವಾಯಿತು. ಅದರ ನಂತರದ ವರ್ಷಗಳಲ್ಲಿ ಹೈಕೋರ್ಟ್ ಗೊತ್ತುಪಡಿಸಿದ ಸೀಮಿತ ಸಂಖ್ಯೆಯ ಜನ, ಬಿಗಿ ಬಂದೋಬಸ್ತಿನಲ್ಲಿ ಅದೇ ಆವರಣದಲ್ಲಿರುವ ರಾಘವ ಚೈತನ್ಯ ಶಿವಲಿಂಗಕ್ಕೆ ಪೂಜೆ ಸಲ್ಲಿಸಿ ಬಂದಿದ್ದಾರೆ. ಬಂದೋಬಸ್ತು ಎಂದರೆ ಲಾಠಿ ಹಿಡಿದು ನಿಂತ ಪೇದೆಗಳಷ್ಟೇ ನಮಗೆ ಕಾಣುವುದು. ವಾರಗಳ ಮೊದಲೇ ಎರಡೂ ಕಡೆಯ ಹಿರಿಯರ ಮನೆಗೆ ಹೋಗಿ ಕೂತು, ಯಾರ ಮಾತು ಯಾರು ಕೇಳುತ್ತಾರೆ ಎಂದು ಅರಿತು ಬಂದವರು ಫೋಟೊದಲ್ಲಿ ಇರುವುದಿಲ್ಲ. ಏನೂ ಆಗದ ದಿನ ಸುದ್ದಿಯಾಗುವುದಿಲ್ಲವಲ್ಲ.

ಇಂಥ ವರದಿಗಳು ಕಡತದಲ್ಲೇ ಕೂರುವುದಿಲ್ಲ, ನಮ್ಮ ಹಕ್ಕುಗಳನ್ನೂ ಮುಟ್ಟುತ್ತವೆ. 2025ರ ಅಕ್ಟೋಬರಿನಲ್ಲಿ ಚಿತ್ತಾಪುರದಲ್ಲಿ ಆರ್‌ಎಸ್‌ಎಸ್ ಪಥಸಂಚಲನಕ್ಕೆ ಅನುಮತಿ ಕೇಳಿತು. ಅದೇ ದಿನ ಮೆರವಣಿಗೆಗೆ ಬೇರೆ ಸಂಘಟನೆಗಳೂ ಮುಂದಾದವು. ಕಾನೂನು ಸುವ್ಯವಸ್ಥೆಯ ಕಾರಣ ನೀಡಿ ತಹಶೀಲ್ದಾರರು ಅನುಮತಿ ನಿರಾಕರಿಸಿದರು. ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು, ಶಾಂತಿ ಸಭೆ ನಡೆಯಿತು, ಕೊನೆಗೆ ನವೆಂಬರ್ 16ರಂದು ಷರತ್ತುಗಳೊಂದಿಗೆ ಪಥಸಂಚಲನ ನಡೆಯಿತು. ಯಾರ ಪರ ನಿಂತರೂ ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ‘ಗಲಾಟೆ ಆಗಬಹುದು’ ಎಂಬ ಅಂದಾಜನ್ನು ನ್ಯಾಯಾಲಯದ ಮುಂದೆ ಬಹಿರಂಗವಾಗಿ ಪ್ರಶ್ನಿಸಲು ಸಾಧ್ಯವಾಯಿತು. ಅಂದಾಜು ಆದೇಶದ ರೂಪ ತಾಳಿತ್ತು, ಆದೇಶಕ್ಕೆ ಕಾನೂನಿನ ಆಸರೆ ಬೇಕಿತ್ತು, ಆ ಕಾನೂನನ್ನು ನ್ಯಾಯಾಧೀಶರು ಓದಬಲ್ಲವರಾಗಿದ್ದರು. ಗುಪ್ತಚರ ವರದಿ ಆಧರಿಸಿ ಕೈಗೊಳ್ಳುವ ಹೆಚ್ಚಿನ ತೀರ್ಮಾನಗಳಿಗೆ ಈ ಬೆಳಕು ಬೀಳುವುದಿಲ್ಲ.

ಮುರ್ಕಿಯ ಸಂಜೆ

2018ರ ಜುಲೈ 13ರಂದು ಹೈದರಾಬಾದಿನಿಂದ ಸ್ನೇಹಿತನ ಊರಿಗೆ ಬಂದಿದ್ದ ಯುವಕರು ಬೀದರ ಜಿಲ್ಲೆಯ ಔರಾದ ಭಾಗದ ಹಂದಿಕೇರಾದಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ಮಕ್ಕಳ ಕಳ್ಳರು ಎಂಬ ವದಂತಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಕಾರಿಗಿಂತ ಮುಂಚೆ ಮುರ್ಕಿ ಮುಟ್ಟಿತು. ರಸ್ತೆಗೆ ಅಡ್ಡ ಹಾಕಿ ಕಾದಿದ್ದ ಗುಂಪು ಒಬ್ಬನನ್ನು ಹೊಡೆದು ಕೊಂದಿತು. ಓಡಿಬಂದ ಬೆರಳೆಣಿಕೆಯ ಪೊಲೀಸರು ಏಟು ತಿಂದು ಉಳಿದವರ ಜೀವ ಉಳಿಸಿದರು. 30ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಆ ತಿಂಗಳಲ್ಲೇ, ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಮೇಲೆ, ವಾಟ್ಸ್‌ಆ್ಯಪ್ ಭಾರತದಲ್ಲಿ ಸಂದೇಶ ಫಾರ್ವರ್ಡ್ ಮಾಡುವುದಕ್ಕೆ ಐದರ ಮಿತಿ ಹಾಕಿತು.

ಈ ಘಟನೆಯನ್ನು ಜನರ ಅಜ್ಞಾನದ ಉದಾಹರಣೆಯಾಗಿ ಬಿಂಬಿಸಿ ಕೈತೊಳೆದುಕೊಂಡದ್ದೇ ಹೆಚ್ಚು. ನನಗೆ ಅದು ಗುಪ್ತಚರ ಕೆಲಸದ ಬುಡದ ಪ್ರಶ್ನೆಯಾಗಿ ಕಾಣುತ್ತದೆ. ಮಕ್ಕಳ ಕಳ್ಳರ ವದಂತಿ ಆ ವರ್ಷ ರಾಜ್ಯದಿಂದ ರಾಜ್ಯಕ್ಕೆ ಹಬ್ಬುತ್ತ ಬಂದಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ಒಬ್ಬನನ್ನು ಕೊಂದಿದ್ದರು. ಅಂದರೆ ಅಪಾಯ ಗೊತ್ತಿತ್ತು. ಗೊತ್ತಿದ್ದದ್ದು ಬೀಟ್ ಪೇದೆಯ ತನಕ, ಅವನಿಂದ ಊರ ಕಟ್ಟೆಯ ತನಕ ಇಳಿಯಬೇಕಿತ್ತು. ಅನುಮಾನ ಬಂದ ಕೂಡಲೇ ಠಾಣೆಗೆ ಫೋನ್ ಮಾಡಬೇಕು ಎಂದು ಊರಿಗೆ ಅನ್ನಿಸಬೇಕಿತ್ತು. ಠಾಣೆಯೆಂದರೆ ಹಣ ಕೀಳುವ ಜಾಗ, ಮಾಹಿತಿ ಕೊಟ್ಟವನನ್ನೇ ಕೂರಿಸಿಕೊಳ್ಳುವ ಜಾಗ ಎಂದು ನಂಬಿದ ಊರು ಗುಂಪಿಗೆ ಸಂದೇಶ ಕಳಿಸುತ್ತದೆ, ಠಾಣೆಗಲ್ಲ. ಉಪಗ್ರಹದ ಚಿತ್ರ, ಫೋನ್ ಕದ್ದಾಲಿಕೆ ಎಷ್ಟೇ ಇರಲಿ, ಹಳ್ಳಿಯ ಮಟ್ಟದಲ್ಲಿ ಗುಪ್ತವಾರ್ತೆ ನಿಂತಿರುವುದು ಒಬ್ಬ ಮನುಷ್ಯ ಇನ್ನೊಬ್ಬನನ್ನು ನಂಬಿ ಹೇಳುವ ಮಾತಿನ ಮೇಲೆ.

ದೆಹಲಿಯ ಕೆಂಪುಕೋಟೆ ಬಳಿ 2025ರ ನವೆಂಬರ್ 10ರಂದು ಕಾರು ಸ್ಫೋಟಿಸಿದ ಪ್ರಕರಣವೂ ಇದನ್ನೇ ತೋರಿಸುತ್ತದೆ. ತನಿಖಾಧಿಕಾರಿಗಳು ಹೇಳಿರುವಂತೆ ಎಳೆ ಸಿಕ್ಕಿದ್ದು ಶ್ರೀನಗರದ ನೌಗಾಮ್‌ನಲ್ಲಿ ಗೋಡೆಗೆ ಅಂಟಿಸಿದ್ದ ಪೋಸ್ಟರ್‌ಗಳಿಂದ. ಸ್ಥಳೀಯ ಠಾಣೆ ಅದನ್ನು ಹರಿದುಹಾಕಿ ಸುಮ್ಮನಾಗದೆ ಜಾಡು ಹಿಡಿದ ಕಾರಣಕ್ಕೆ ಫರೀದಾಬಾದಿನಲ್ಲಿ ಸಾವಿರಾರು ಕೆ.ಜಿ. ಸ್ಫೋಟಕ ಸಾಮಗ್ರಿ ಸಿಕ್ಕಿತು. ಆದರೂ ಉಗ್ರರ ಜಾಲದ ಒಬ್ಬ ಕೈತಪ್ಪಿದ, ಅಮಾಯಕರು ಸತ್ತರು. ಇದು ಯಶಸ್ಸೋ ವೈಫಲ್ಯವೋ? ಎರಡೂ ಹೌದು. ಒಂದೇ ಶಬ್ದದಲ್ಲಿ ತೀರ್ಪು ಕೇಳುವ ನಮ್ಮ ಚರ್ಚೆಗಳಿಗೆ ಈ ಉತ್ತರ ಒಗ್ಗುವುದಿಲ್ಲ. ತೊಗರಿ ರಾಶಿ ತೂರುವಾಗ ಕಾಳು ಯಾವುದು, ಹೊಟ್ಟು ಯಾವುದು ಎಂದು ಗಾಳಿ ಹೇಳಿಬಿಡುತ್ತದೆ. ಬಾತ್ಮಿಯ ರಾಶಿಗೆ ಅಂಥ ಗಾಳಿ ಬೀಸುವುದು ಘಟನೆ ನಡೆದ ಮೇಲೆಯೇ. ಮುಂಬೈ ಮೇಲೆ 2008ರ ನವೆಂಬರ್ 26ರ ದಾಳಿಗೂ ಮೊದಲು ಸಮುದ್ರ ಮಾರ್ಗದ ಬಗ್ಗೆ, ತಾಜ್ ಹೋಟೆಲ್ ಬಗ್ಗೆ ಎಚ್ಚರಿಕೆಗಳು ಬಂದಿದ್ದವು. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿ ಕಂಡುಕೊಂಡದ್ದೂ ಇಂಥದ್ದೇ: ಚೂರುಪಾರು ಸುಳಿವುಗಳು ಬೇರೆಬೇರೆ ಸಂಸ್ಥೆಗಳ ಬಳಿ ಇದ್ದವು, ಜೋಡಿಸಿ ನೋಡುವ ವ್ಯವಸ್ಥೆ ಇರಲಿಲ್ಲ. ಆ ವರದಿಯ ಬಹುಭಾಗವನ್ನು ಸರ್ಕಾರ 2000ದಲ್ಲಿ ಸಂಸತ್ತಿನ ಮುಂದಿಟ್ಟಿತು. ಅದರಿಂದ ದೇಶದ ಭದ್ರತೆ ಕುಸಿಯಲಿಲ್ಲ. ತದನಂತರ ಮಾಹಿತಿ ಹಂಚಿಕೊಳ್ಳಲು ಬಹುಸಂಸ್ಥೆಗಳ ಕೇಂದ್ರ ರೂಪುಗೊಂಡಿತು, 2004ರಲ್ಲಿ ತಾಂತ್ರಿಕ ಗುಪ್ತವಾರ್ತೆಗೆಂದೇ ಎನ್‌ಟಿಆರ್‌ಒ ಬಂತು.

ಬೀದರಿನಲ್ಲಿ 2025ರ ಜನವರಿ 16ರಂದು ಹಾಡಹಗಲೇ ಎಟಿಎಂ ಹಣದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ, ಒಬ್ಬರನ್ನು ಕೊಂದು, ಹಣದ ಪೆಟ್ಟಿಗೆಯೊಂದಿಗೆ ಪರಾರಿಯಾದವರು ಅದೇ ಸಂಜೆ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡು ಹಾರಿಸಿದರು. ರಾಜ್ಯದ ಗಡಿ ದಾಟಲು ಬೀದರಿನಿಂದ ಹೆಚ್ಚು ಹೊತ್ತು ಬೇಡ. ಮಾಹಿತಿಯೂ ಅದೇ ವೇಗದಲ್ಲಿ ಗಡಿ ದಾಟಬೇಕು.

ಠಗ್ಗರಿಂದ ವಿಮಾನದವರೆಗೆ

ಕಲಬುರಗಿ, ಬೀದರ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಈ ವಿಷಯ ಹೊರಗಿನದಲ್ಲ. ಸುರಪುರದ ಗುಡ್ಡದ ಮೇಲೆ ಇಂದಿಗೂ ಇರುವ ಟೇಲರ್ ಮಂಜಿಲ್‌ನಲ್ಲಿ 1840ರ ದಶಕದಲ್ಲಿ ಬಾಳಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಅದಕ್ಕೂ ಮೊದಲು ಹೈದರಾಬಾದ್ ಸಂಸ್ಥಾನದ ಸೇವೆಯಲ್ಲಿದ್ದಾಗ ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಗ್ಗರ ಜಾಡು ಹಿಡಿದವನು. ಠಗ್ಗರನ್ನು ಹತ್ತಿಕ್ಕಲು ಬ್ರಿಟಿಷರು ಕಟ್ಟಿದ ಇಲಾಖೆ ನಡೆದದ್ದು ಮಾಫಿಸಾಕ್ಷಿಗಳ ಬಾಯಿಮಾತಿನ ಮೇಲೆ. ಸಿಕ್ಕಿಬಿದ್ದವನು ಪ್ರಾಣ ಉಳಿಸಿಕೊಳ್ಳಲು ಹತ್ತು ಹೆಸರು ಹೇಳುತ್ತಿದ್ದ. ಹೇಳಿದ ಹೆಸರುಗಳೇ ಪಟ್ಟಿಯಾಗುತ್ತಿದ್ದವು. ವ್ಯಕ್ತಿಯನ್ನು ಬಿಟ್ಟು ಸಮುದಾಯವನ್ನೇ ಅನುಮಾನಿಸುವ ಆ ಚಾಳಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಕಾನೂನಾಯಿತು. ಕಾಯ್ದೆ ರದ್ದಾದದ್ದು 1952ರಲ್ಲಿ. ಆ ಸಮುದಾಯಗಳ ಜನರನ್ನು ಕಳ್ಳತನವಾದಾಗಲೆಲ್ಲ ಮೊದಲು ಎಳೆತರುವ ಅಭ್ಯಾಸ ಅದರೊಂದಿಗೆ ರದ್ದಾಗಲಿಲ್ಲ. ಠಗ್ಗಿ ಇಲಾಖೆ 1904ರಲ್ಲಿ ಮುಚ್ಚಿ ಕೇಂದ್ರ ಅಪರಾಧ ಗುಪ್ತಚರ ಇಲಾಖೆಗೆ ಜಾಗ ಬಿಟ್ಟಿತು. ಐಬಿ ತನ್ನ ಹುಟ್ಟನ್ನು 1887ರ ಕೇಂದ್ರ ವಿಶೇಷ ಶಾಖೆಯಿಂದ ಎಣಿಸುತ್ತದೆ. ಈ ವಂಶಾವಳಿ ಗೊತ್ತಿದ್ದರೆ ಇಂದಿನ ಕೆಲವು ರೂಢಿಗಳು ಎಲ್ಲಿಂದ ಬಂದವೆಂದು ತಿಳಿಯುತ್ತದೆ.

1948ರಲ್ಲಿ ನಿಜಾಮನ ಸರ್ಕಾರ ಭಾರತ ಸೇರಲು ಒಪ್ಪದೆ ನಿಂತಾಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರೋರಾತ್ರಿ ಶಸ್ತ್ರಾಸ್ತ್ರ ಸಾಗಿಸಿದ. ಅವನ ವಿಮಾನಗಳು ಇಳಿದ ನೆಲೆಗಳಲ್ಲಿ ಬೀದರವೂ ಒಂದು. ಇದೇ ಕಾಟನ್ ಎರಡನೇ ಮಹಾಯುದ್ಧಕ್ಕೆ ಮುನ್ನ ಬ್ರಿಟಿಷ್ ಗುಪ್ತಚರ ಸಂಸ್ಥೆಗಾಗಿ ಜರ್ಮನಿಯ ನೆಲವನ್ನು ಆಕಾಶದಿಂದ ಕದ್ದು ಚಿತ್ರ ತೆಗೆದವನು. ಇಂದು ಬೀದರ ವಾಯುನೆಲೆಯಲ್ಲಿ ಹಾಕ್ ವಿಮಾನಗಳ ತರಬೇತಿ ನಡೆಯುತ್ತದೆ, ಸೂರ್ಯಕಿರಣ ತಂಡದ ನೆಲೆಯೂ ಅದೇ. ವಾಯುನೆಲೆಯ ಬೇಲಿಯ ಹತ್ತಿರ ರೀಲ್ಸ್ ಮಾಡುವ ಹುಡುಗರು ಕಾಟನ್‌ನ ಕಥೆ ತಿಳಿದಿರಬೇಕು ಎಂದು ನನಗನ್ನಿಸುತ್ತದೆ. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 26ರಂದು, ಸೇನಾ ಚಲನವಲನದ ನೇರ ಪ್ರಸಾರ ಬೇಡ ಎಂದು ಕೇಂದ್ರ ಸರ್ಕಾರ ಮಾಧ್ಯಮಗಳಿಗೂ ಸಾಮಾಜಿಕ ಜಾಲತಾಣ ಬಳಕೆದಾರರಿಗೂ ಸೂಚಿಸಿದ್ದು ಸುಮ್ಮನೆ ಅಲ್ಲ. ಮುಂಬೈ ದಾಳಿಯ ವೇಳೆ ಟಿ.ವಿ. ನೋಡಿಯೇ ಉಗ್ರರ ಸೂತ್ರಧಾರರು ಫೋನಿನಲ್ಲಿ ನಿರ್ದೇಶನ ಕೊಟ್ಟಿದ್ದರು.

ಗುಟ್ಟಿನ ಇನ್ನೊಂದು ಮುಖವನ್ನೂ ಅದೇ 1948 ನಮಗೆ ತೋರಿಸಿದೆ. ಆ ವರ್ಷ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರು ಹತ್ಯಾಕಾಂಡ ನಡೆಸಿದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ಕಳಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ತಂಡ ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ನಮ್ಮ ಅಜ್ಜಂದಿರ ಕಾಲದ ಎರಡೂ ಕಡೆಯ ನೋವನ್ನು ದಾಖಲೆಯ ಸಮೇತ ಓದಿ ಅರಗಿಸಿಕೊಳ್ಳುವ ಅವಕಾಶ ಒಂದೆರಡು ತಲೆಮಾರಿಗೆ ತಪ್ಪಿತು. ಆ ಖಾಲಿ ಜಾಗವನ್ನು ವದಂತಿ ತುಂಬಿತು, ಈಗಲೂ ಪ್ರತಿ ವರ್ಷ ವಿಮೋಚನಾ ದಿನವಾದ ಸೆಪ್ಟೆಂಬರ್ 17ರ ಆಸುಪಾಸು ತುಂಬುತ್ತಿದೆ.

ಕಾನೂನು ಎಲ್ಲಿ?

ಐಬಿಯನ್ನು ಸ್ಥಾಪಿಸಿದ ಕಾಯ್ದೆ ಯಾವುದು ಎಂದು ಕೇಳಿದರೆ ತೋರಿಸಲು ಒಂದೂ ಇಲ್ಲ. ‘ರಾ’ಗೂ ಇಲ್ಲ. ಸಂವಿಧಾನದ ಕೇಂದ್ರ ಪಟ್ಟಿಯ 8ನೇ ಅಂಶದಲ್ಲಿ ಕೇಂದ್ರ ಗುಪ್ತಚರ ಮತ್ತು ತನಿಖಾ ಬ್ಯೂರೊದ ಉಲ್ಲೇಖವಿದೆ; ಕಾಯ್ದೆ ಮಾಡುವ ಅಧಿಕಾರ ಸಂಸತ್ತಿಗಿದೆ ಎಂದಷ್ಟೇ ಅದರ ಅರ್ಥ. ಐಬಿಯಲ್ಲೇ ದುಡಿದು ನಿವೃತ್ತರಾಗಿ ಮೈಸೂರಿನಲ್ಲಿದ್ದ ಆರ್.ಎನ್. ಕುಲಕರ್ಣಿ ಈ ಪ್ರಶ್ನೆಯನ್ನು ಕರ್ನಾಟಕ ಹೈಕೋರ್ಟಿಗೆ ಒಯ್ದಿದ್ದರು. ಒಳಗಿನವರೊಬ್ಬರು ತಮ್ಮ ಸಂಸ್ಥೆಗೆ ಕಾನೂನಿನ ತಳಪಾಯ ಬೇಕೆಂದು ಕೇಳಿದ್ದು ದೊಡ್ಡ ಮಾತು. 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ಬ್ರಿಟನ್ 1989 ಮತ್ತು 1994ರ ಕಾಯ್ದೆಗಳಿಂದ ತನ್ನ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟು ಕೊಟ್ಟು, ಸಂಸದರ ಸಮಿತಿಯ ಕಣ್ಗಾವಲಿಗೆ ಒಳಪಡಿಸಿತು. ಅವು ಅದರಿಂದ ನಿಶ್ಶಕ್ತವಾಗಲಿಲ್ಲ.

ಫೋನ್ ಕದ್ದಾಲಿಕೆಯ ಕಥೆ ಕನ್ನಡಿಗರಿಗೆ ಚೆನ್ನಾಗಿ ನೆನಪಿದೆ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ತೊರೆದದ್ದೇ ಅದರಿಂದ. 1996ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಯಮಗಳನ್ನು ಹಾಕಿಕೊಟ್ಟಿತು. ಈಗ 2023ರ ದೂರಸಂಪರ್ಕ ಕಾಯ್ದೆಯಡಿ 2024ರ ಡಿಸೆಂಬರಿನಲ್ಲಿ ಹೊಸ ನಿಯಮಗಳು ಬಂದಿವೆ: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಆದೇಶಕ್ಕೆ 60 ದಿನ, ವಿಸ್ತರಿಸಿದರೂ ಒಟ್ಟು 180 ದಿನ. ಪರಿಶೀಲನೆಗೆ ಕಾರ್ಯದರ್ಶಿಗಳ ಸಮಿತಿ ಇದೆ. ಆದೇಶ ಹೊರಡಿಸುವವರೂ ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ. ನ್ಯಾಯಾಧೀಶರು ಎಲ್ಲೂ ಇಲ್ಲ. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಘೋಷಣೆಯಾದ ಮೇಲೂ ಈ ಕೊರತೆ ಉಳಿದಿದೆ. ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ ಗುಪ್ತಚರ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳು ಆ ವಿನಾಯಿತಿಯ ಹೊರಗಿವೆ. ಮಾನವ ಹಕ್ಕಿನ ವಿಷಯದಲ್ಲಿ ಮಾಹಿತಿ ಆಯೋಗದ ಒಪ್ಪಿಗೆಯೊಂದಿಗೆ 45 ದಿನಗಳೊಳಗೆ ಮಾಹಿತಿ ಕೊಡಬೇಕು. ಇದನ್ನು ಬಳಸುವವರು ತೀರಾ ಕಡಿಮೆ.

ಈ ಅರಿವಿನ ಕೊರತೆಯನ್ನು ಸರಿಯಾಗಿ ಬಳಸಿಕೊಂಡವರು ಸೈಬರ್ ವಂಚಕರು. ಸಿಬಿಐ ಎನ್ನುತ್ತಾರೆ, ಇ.ಡಿ. ಎನ್ನುತ್ತಾರೆ, ನಿಮ್ಮ ಮೇಲೆ ರಹಸ್ಯ ತನಿಖೆ ನಡೆದಿದೆ, ಯಾರಿಗೂ ಹೇಳಬೇಡಿ ಎನ್ನುತ್ತಾರೆ. ‘ಡಿಜಿಟಲ್ ಅರೆಸ್ಟ್’ ಬಗ್ಗೆ ಪ್ರಧಾನಿ 2024ರ ಅಕ್ಟೋಬರ್ 27ರ ರೇಡಿಯೊ ಭಾಷಣದಲ್ಲಿ ಎಚ್ಚರಿಸಿದಾಗ ಕೇಳಿಸಿದ್ದು ನಮ್ಮ ಪಕ್ಕದ ವಿಜಯಪುರದವರೊಬ್ಬರಿಗೆ ಬಂದ ಕರೆಯ ಧ್ವನಿಮುದ್ರಣ. ಓದಿದವರು, ನಿವೃತ್ತ ನೌಕರರು, ವೈದ್ಯರು ಸಹ ಮೋಸ ಹೋಗುತ್ತಿರುವುದಕ್ಕೆ ದುರಾಸೆ ಕಾರಣವಲ್ಲ, ಭಯ ಕಾರಣ. ರಹಸ್ಯ ಸಂಸ್ಥೆಯೊಂದು ಏನು ಬೇಕಾದರೂ ಮಾಡಬಲ್ಲದು ಎಂದು ನಾವು ನಂಬಿಕೊಂಡಿದ್ದೇವೆ. ವಿಡಿಯೊ ಕರೆಯಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ತನಿಖೆಗೆ ಕರೆಯಲು ನಾಗರಿಕ ಸುರಕ್ಷಾ ಸಂಹಿತೆಯಡಿ ನೋಟಿಸ್ ಕೊಡಬೇಕು. ಪರಿಶೀಲನೆಗೆಂದು ಹಣ ವರ್ಗಾಯಿಸಲು ಯಾವ ಸಂಸ್ಥೆಯೂ ಹೇಳುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇಷ್ಟನ್ನು ಊರೂರಿನ ಗ್ರಾಮಸಭೆಯಲ್ಲಿ ಹೇಳಿಸಬಹುದು.

ಪೊಲೀಸ್ ರಾಜ್ಯ ಪಟ್ಟಿಯ ವಿಷಯ. ರಾಜ್ಯ ಗುಪ್ತವಾರ್ತೆ ಯಾವ ಮಾಹಿತಿ ಸಂಗ್ರಹಿಸಬಹುದು, ಎಷ್ಟು ವರ್ಷ ಇಟ್ಟುಕೊಳ್ಳಬಹುದು, ತಪ್ಪು ಮಾಹಿತಿಯಿಂದ ರೌಡಿ ಪಟ್ಟಿಗೆ ಸೇರಿದವನು ಯಾರಿಗೆ ಮೇಲ್ಮನವಿ ಸಲ್ಲಿಸಬೇಕು, ಹೆಸರು ವಿವರಗಳಿಲ್ಲದೆ ವರ್ಷಕ್ಕೆಷ್ಟು ಫೋನ್ ಕದ್ದಾಲಿಕೆ ಆದೇಶ ಹೊರಟವು ಎಂಬ ಬರಿಯ ಸಂಖ್ಯೆಯನ್ನಾದರೂ ಸದನದ ಮುಂದಿಡಬೇಕೇ ಎಂಬುದನ್ನು ಗೊತ್ತುಮಾಡಲು ದೆಹಲಿಗೆ ಕಾಯಬೇಕಾಗಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತರುವ ಅಧಿಕಾರ ವಿಧಾನಮಂಡಲಕ್ಕಿದೆ. ಕಲಬುರಗಿಯ ಒಂಬತ್ತು, ಬೀದರಿನ ಆರು, ಯಾದಗಿರಿಯ ನಾಲ್ಕು ಸೇರಿ ಹತ್ತೊಂಬತ್ತು ಶಾಸಕರನ್ನು ನಾವು ಆರಿಸಿ ಕಳಿಸಿದ್ದೇವೆ. ಅನುದಾನದ ಪ್ರಶ್ನೆಗಳ ಜೊತೆಗೆ ಈ ಪ್ರಶ್ನೆಯನ್ನೂ ಮುಂದಿನ ಅಧಿವೇಶನದಲ್ಲಿ ಕೇಳುವಂತೆ ಅವರಿಗೆ ಹೇಳಬೇಕಾದವರು ನಾವು.